ಉಪ್ಪಿನ ಋಣ

ನಮ್ಮ ಯಮಕನಮರಡಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಸದ್ದು, ಸುತ್ತಲೂ ಕಬ್ಬು, ಸೋಯಾಬೀನು, ಗೋವಿನಜೋಳದ ಹೊಲಗಳು, ದೊಡ್ಡ ನೀರು ನೋಡಬೇಕೆಂದರೆ ಹಿಡಕಲ್ ಜಲಾಶಯ. ಇಷ್ಟೇ ನಮ್ಮ ಭೂಗೋಳ. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಗೆ ಕೂಡ ಹತ್ತಿರದ ಪಡುವಣ ಕಡಲು ಬೇಡ. ಅದಕ್ಕೆ ಬೆನ್ನು ತಿರುಗಿಸಿ, ಮೂಡಲಿಗೆ ಹರಿದು, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೇ ಹೋಗುತ್ತಾಳೆ. ಇಂಥ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಐವತ್ತು ಲೀಟರು ಸಮುದ್ರ ಇದೆ ಎಂದರೆ ಕೇಳಿದವರು ನಗುತ್ತಾರೆ. ನಕ್ಕವರೇ ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅರ್ಧ ತಾಸು ನಿಂತು ನೋಡಿ, ಚಹಾ ಕುಡಿದು ಹೋಗುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಸಮುದ್ರದ ಖರ್ಚಿನ ಜೊತೆಗೆ ಚಹಾಪುಡಿಯ ಖರ್ಚೂ ಹೆಚ್ಚಾಗಿದೆ.

ಇದು ನನ್ನ ಮಗಳ ಕೊಡುಗೆ. ಅವಳು ಓದಿದ್ದು ಕಾರವಾರದಲ್ಲಿ. ಅಲ್ಲಿಯ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ವಿಭಾಗವಿದೆ. ಬಯಲುಸೀಮೆಯ ಹುಡುಗಿಗೆ ಕಡಲಿನ ಹುಚ್ಚು ಹೇಗೆ ಹಿಡಿಯಿತೋ ನಾನರಿಯೆ. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆ ಸೇರಿದಾಗ ಅವಳೂ ಬಂದಳು. ಲಾಕ್‌ಡೌನ್ ಸಡಿಲವಾದ ಮೇಲೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಬಂತು, ಅದರ ಹಿಂದೆಯೇ ಉಪ್ಪಿನ ಚೀಲ ಬಂತು.

ಉಪ್ಪು ಎಂದರೆ ಅಡುಗೆಮನೆಯ ಉಪ್ಪಲ್ಲ. ನಮ್ಮ ಅಡುಗೆಯ ಉಪ್ಪು ಬಹುಮಟ್ಟಿಗೆ ಒಂದೇ ಲವಣ. ಕಡಲ ನೀರಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಹೀಗೆ ಒಂದು ದೊಡ್ಡ ಬಳಗವೇ ಇರುತ್ತದೆ. ಅದೆಲ್ಲ ಅಳತೆಯಂತೆ ಬೆರೆಸಿದ ಉಪ್ಪು ಚೀಲದಲ್ಲಿ ಸಿಗುತ್ತದೆ. ಒಂದು ಲೀಟರು ಶುದ್ಧ ನೀರಿಗೆ ಸುಮಾರು 35 ಗ್ರಾಂ. ಬೋರಿನ ಗಡಸು ನೀರು ನಡೆಯುವುದಿಲ್ಲ, ಕ್ಲೋರಿನ್ ಹಾಕಿದ ನಳದ ನೀರೂ ನಡೆಯುವುದಿಲ್ಲ. ಫಿಲ್ಟರಿನ ನೀರನ್ನೇ ಹಾಕಬೇಕು. ತಾಯಿ ಮಗಳು ಬಕೆಟ್ಟಿನಲ್ಲಿ ಉಪ್ಪು ಕಲಸುತ್ತ ಕೂತಿದ್ದಾಗ ಜಗುಲಿಯಿಂದ ಎದ್ದು ಬಂದ ನಮ್ಮ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಮಾವಿನಕಾಯಿ ಎಲ್ಲಿ? ಬರೇ ಉಪ್ಪುನೀರ ಕಲಸಾಕತ್ತೀರಲ್ಲ!” ಅಂದರು. ಅವರ ಪ್ರಕಾರ ಉಪ್ಪುನೀರಿಗೆ ಲೋಕದಲ್ಲಿ ಇರುವುದು ಒಂದೇ ಉಪಯೋಗ.

ನೀರು ತುಂಬಿದ ಕೂಡಲೇ ಮೀನು ಬಿಡುತ್ತಾರೆ ಎಂದು ನಾನು ತಿಳಿದಿದ್ದೆ. ಮಗಳು ಬಿಡಲಿಲ್ಲ. ಆರು ವಾರ ಬರಿಯ ನೀರು, ಮರಳು, ಸೆರಾಮಿಕ್ ಕಲ್ಲು ಇಷ್ಟನ್ನೇ ಇಟ್ಟು ಪಂಪು ತಿರುಗಿಸಿದಳು. ಬಂದವರಿಗೆ ಏನು ತೋರಿಸುವುದು? “ಖಾಲಿ ನೀರಿಗೆ ಕರೆಂಟು ಸುಡತಾರ” ಎಂದು ಓಣಿಯಲ್ಲಿ ಸುದ್ದಿಯಾಯಿತು. ಆದರೆ ಅದು ಖಾಲಿ ನೀರಾಗಿರಲಿಲ್ಲ. ಮೀನು ಇದ್ದಲ್ಲಿ ಅದರ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ, ಅದು ಸ್ವಲ್ಪ ಮಟ್ಟಿಗೆ ಸಹಿಸುವಂಥದು. ಈ ಸೂಕ್ಷ್ಮಾಣುಗಳು ಕಲ್ಲಿನ ರಂಧ್ರಗಳಲ್ಲಿ ಮನೆಮಾಡಲು ನಾಲ್ಕಾರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಕಿದ ಮೇಲೆ ಗಡಿಗೆ ಅಲುಗಿಸದೆ ಸುಮ್ಮನಿರುವುದೂ ಒಂದು ಕೆಲಸವೇ.

ಆರು ವಾರದ ಮೇಲೆ ಎರಡು ಕ್ಲೌನ್ ಮೀನು ಬಂದವು. ಕಿತ್ತಳೆ ಮೈಗೆ ಬಿಳಿಯ ಮೂರು ಪಟ್ಟಿ. ಇವನ್ನು ಕಡಲಿನಿಂದ ಹಿಡಿದು ತಂದದ್ದಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಮನೆಗೆಲಸದ ಹೆಣ್ಣುಮಕ್ಕಳಿಗೂ ಇಂಥ ಅಲಂಕಾರದ ಸಿಗಡಿ, ಮೀನು ಸಾಕುವ ತರಬೇತಿ ಸಿಕ್ಕಿದೆ. ನಾವು ಹೈನ ಮಾಡುವ ಹಾಗೆ ಅವರು ಮೀನಿನ ಮರಿ ಸಾಕಿ ನಾಲ್ಕು ಕಾಸು ನೋಡುತ್ತಾರೆ. ಲಕ್ಷದ್ವೀಪವೆಂದರೆ ಬಹಳ ದೂರವೆಂದು ನಮಗೆ ಅನ್ನಿಸುತ್ತದೆ. ಆದರೆ ಅದರಲ್ಲಿಯ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಒಂದು ಲೆಕ್ಕಕ್ಕೆ ನೆಂಟರೇ.

ಇನ್ನು ಈ ಮೀನುಗಳ ಸಂಸಾರದ ಕಥೆ. ಕ್ಲೌನ್ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋರಿನದು ಹೆಣ್ಣಾಗುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಅದರ ಗಂಡ. ಹೆಂಡತಿ ಸತ್ತರೆ ಆ ಗಂಡೇ ಹೆಣ್ಣಾಗಿ ಮನೆಯ ಯಜಮಾನಿಕೆ ವಹಿಸಿಕೊಳ್ಳುತ್ತದೆ. ನಾನು ಇದನ್ನು ಹೇಳಿದಾಗ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎದ್ದ ನಗು ಹೆಡ್‌ಮಾಸ್ತರರ ಕೋಣೆಯವರೆಗೆ ಕೇಳಿತು. ನಮ್ಮ ತೊಟ್ಟಿಯಲ್ಲಿ ಇವಕ್ಕೊಂದು ಮನೆ ಬೇಕಿತ್ತು. ಕಡಲಿನಲ್ಲಾದರೆ ಇವು ಕಡಲ ಹೂವೆಂಬ ಪ್ರಾಣಿಯ ಕುಟುಕುವ ಎಳೆಗಳ ನಡುವೆ ಇರುತ್ತವೆ. ನಾವು ಕುಂಬಾರರ ಮನೆಯಿಂದ ಬಣ್ಣ ಬಳಿಯದ ಮಣ್ಣಿನ ಕುಡಿಕೆ ತಂದು, ತೊಳೆದು ಇಟ್ಟೆವು. ಯಜಮಾನಿಗೆ ಮನೆ ಒಪ್ಪಿಗೆಯಾಯಿತು. ವರ್ಷದ ಮೇಲೆ ಆ ಕುಡಿಕೆಯ ಮೈಗೆ ಕಿತ್ತಳೆ ಬಣ್ಣದ ಮೊಟ್ಟೆಗಳು ಅಂಟಿದವು. ಮೊಟ್ಟೆ ಇಟ್ಟದ್ದು ಹೆಂಡತಿ, ಕಾಯುವವನು ಗಂಡ. ವಾರದ ತನಕ ಅವನು ರೆಕ್ಕೆಯಿಂದ ಮೊಟ್ಟೆಗಳಿಗೆ ನೀರು ಬೀಸುತ್ತ, ಕೆಟ್ಟವನ್ನು ಬಾಯಿಂದ ತೆಗೆಯುತ್ತ ಅಲ್ಲೇ ಇರುತ್ತಾನೆ. ನಮ್ಮ ಮನೆಯವರು ಅದನ್ನು ನೋಡಿ, ಏನೂ ಮಾತಾಡದೆ, ಪೇಪರು ಹಿಡಿದು ಅಂಗಳಕ್ಕೆ ಹೋದರು.

ನಮ್ಮದು ಮೀನು ಮುಟ್ಟದ ಮನೆ. ನೋಡುವ ಮೀನಿಗೆ ಅತ್ತೆಯ ಅಡ್ಡಿ ಇರಲಿಲ್ಲ. ತಂಟೆ ಬಂದದ್ದು ಅದರ ಊಟದಿಂದ. ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿಯ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬೇಕು, ಅದೂ ಹಾಲು ಮೊಸರು ಇರುವ ಫ್ರಿಜ್ಜಿನಲ್ಲಿ! ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ಮಗಳು ಒಣ ಕಾಳಿನ ಆಹಾರ ತಂದಳು, ಡಬ್ಬಿ ಅಟ್ಟದ ಮೇಲೆ ಹೋಯಿತು. ಕಾಳಿನಲ್ಲಿ ಏನಿದೆ ಎಂದು ಅತ್ತೆ ಕೇಳಲಿಲ್ಲ, ನಾವು ಹೇಳಲಿಲ್ಲ. ಕೂಡಿ ಬಾಳುವ ಮನೆಗಳಲ್ಲಿ ಎಷ್ಟೋ ಒಪ್ಪಂದಗಳು ಹೀಗೆಯೇ ಆಗುತ್ತವೆ.

2022ರಲ್ಲಿ ಮಗಳಿಗೆ ಕೊಚ್ಚಿಯಲ್ಲಿ ನೌಕರಿ ಸಿಕ್ಕಿತು. ಹೊರಡುವ ಹಿಂದಿನ ದಿನ ತನ್ನ ಕೆಂಪು ನೇಲ್ ಪಾಲಿಶ್ ತೆಗೆದು ಗಾಜಿನ ಮೇಲೆ ಒಂದು ಗೆರೆ ಎಳೆದಳು. “ಅವ್ವಾ, ದಿನಾ ಮುಂಜಾನೆ ಈ ಗೆರಿಗೆ ನೀರ ಹಾಕು. ಉಪ್ಪುನೀರಲ್ಲ ಮತ್ತ, ಬರೇ ನೀರು,” ಅಂದಳು. ಇದರ ಅರ್ಥ ನನಗೆ ಬರಬರುತ್ತ ಆಯಿತು. ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ಇಳಿಯುತ್ತದೆ. ಹಾಗೇ ಬಿಟ್ಟರೆ ಉಳಿದ ನೀರು ದಿನದಿಂದ ದಿನಕ್ಕೆ ಉಪ್ಪಾಗುತ್ತ ಹೋಗಿ ಒಂದು ದಿನ ಜೀವಗಳಿಗೆ ತಾಳದಷ್ಟಾಗುತ್ತದೆ. ದಿನಾ ಅರ್ಧ ಲೀಟರು ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ, ನೀರು ನಿನ್ನೆಯ ಹಾಗೆಯೇ ಇರುತ್ತದೆ. ಹಾಕದಿದ್ದ ದಿನ ಮಾತ್ರ ಕಾಣುತ್ತದೆ. ಕಸ ಗುಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಗುಡಿಸದಿದ್ದದ್ದು ಬೀಳುತ್ತದೆ. ಮನೆ ನಡೆಸುವ ಹೆಂಗಸರ ಕೆಲಸವೆಲ್ಲ ಈ ಲೆಕ್ಕಕ್ಕೇ ಸೇರಿದ್ದು ಎಂದು ಆ ಗೆರೆಗೆ ನೀರು ಹಾಕುವಾಗ ನನಗೆ ಎಷ್ಟೋ ಸಲ ಅನ್ನಿಸಿದೆ.

ಇದರ ಹಿಂದಿನ ಕಥೆ ಓದಿದಾಗ ನನ್ನ ಅನಿಸಿಕೆ ಗಟ್ಟಿಯಾಯಿತು. ಗಾಜಿನ ತೊಟ್ಟಿಯಲ್ಲಿ ಕಡಲ ಜೀವಗಳನ್ನು ಸಾಕಿ ನೋಡುವ ಕ್ರಮ ಶುರುವಾದದ್ದೇ ಹೆಂಗಸರಿಂದ. ಜಾನ್ ವಿಲ್‌ಪ್ರೋ-ಪವರ್ ಎಂಬ ಫ್ರೆಂಚ್ ಹೆಣ್ಣುಮಗಳು ಮೊದಲು ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುವವಳಾಗಿದ್ದಳು. ರಾಜಕುಮಾರಿಯೊಬ್ಬಳ ಮದುವೆಯ ಉಡುಪಿಗೆ ಕಸೂತಿ ಹಾಕಿದವಳು. ಮದುವೆಯಾಗಿ ಸಿಸಿಲಿಗೆ ಹೋಗಿ, 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಆರ್ಗೊನಾಟ್ ಎಂಬ ಕಡಲ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದಳು. ಅದು ಬೇರೆಯವರ ಚಿಪ್ಪು ಕದಿಯುತ್ತದೆ ಎಂಬ ವಾದವೂ ಆಗ ಇತ್ತು. ಇನ್ನೊಬ್ಬಳು ಆ್ಯನಾ ಥಿನ್, ಲಂಡನ್ನಿನ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋದವಳು ಅಲ್ಲಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಸಾಕಿದಳು. ಆಗ ಕರೆಂಟಿನ ಪಂಪು ಎಲ್ಲಿಯದು? ನೀರಿಗೆ ಗಾಳಿ ಬೆರೆಯಲೆಂದು ತೆರೆದ ಕಿಟಕಿಯ ಎದುರು ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನಾ ಸುರಿಯುವ ಕೆಲಸ ಮನೆಯ ಸೇವಕಿಗೆ ಬಂತು. ಹವಳಗಳು ಬದುಕಿದವು. ಆ್ಯನಾ ಥಿನ್‌ಳ ಹೆಸರು ಇತಿಹಾಸದಲ್ಲಿ ಉಳಿಯಿತು. ಸೇವಕಿಯ ಹೆಸರು ನಾನು ಓದಿದಲ್ಲಿ ಎಲ್ಲಿಯೂ ಕಾಣಲಿಲ್ಲ.

ಆ ಸೇವಕಿಯ ಕೆಲಸವನ್ನು ನಾನೂ ಒಂದು ರಾತ್ರಿ ಮಾಡಿದ್ದೇನೆ. 2023ರ ಮೇ ತಿಂಗಳು. ಸಂಜೆ ಗುಡುಗು ಗಾಳಿಯ ಜೊತೆ ಅಡ್ಡಮಳೆ ಹೊಡೆದು ಎಲ್ಲೋ ಕಂಬ ಬಿತ್ತು, ಕರೆಂಟು ಹೋಯಿತು. ಬ್ಯಾಟರಿಯ ಪಂಪು ನಾಲ್ಕೈದು ತಾಸು ಓಡಿ ರಾತ್ರಿ ಹನ್ನೊಂದಕ್ಕೆ ನಿಂತಿತು. ಪಂಪು ನಿಂತರೆ ನೀರಿನಲ್ಲಿಯ ಆಮ್ಲಜನಕ ಇಳಿಯುತ್ತದೆ, ಸೆಕೆಯಿದ್ದರಂತೂ ಬೇಗನೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಕುಡಿಕೆಯಲ್ಲಿ ಮೊಟ್ಟೆಗಳಿದ್ದವು. ಗಂಡುಮೀನು ಮಾತ್ರ ಕೆಳಗೇ ಇದ್ದು ಬೀಸುತ್ತಲೇ ಇತ್ತು. ಮಗಳಿಗೆ ಫೋನು ಮಾಡಿದೆ. “ಮಗ್ಗಿಲೆ ನೀರ ತುಂಬಿ ಮ್ಯಾಲಿಂದ ಸುರುವು ಅವ್ವಾ, ನಿಲ್ಲಿಸಬ್ಯಾಡ,” ಅಂದಳು.

ಮೇಣದ ಬತ್ತಿ ಹಚ್ಚಿಕೊಂಡು ಸುರಿಯತೊಡಗಿದೆ. ತುಂಬುವುದು, ಒಂದು ಗೇಣು ಮೇಲಿಂದ ಬಿಡುವುದು. ಒಂದು ತಾಸಿಗೆ ನನ್ನ ಭುಜ ಸೋತಿತು. ನಮ್ಮ ಮನೆಯವರು ಎದ್ದು ಬಂದು ಮಗ್ಗು ಇಸಿದುಕೊಂಡರು. ಎರಡರ ಸುಮಾರಿಗೆ ಅತ್ತೆಯೂ ಬಂದರು. ಎಂಬತ್ತು ದಾಟಿದ ಜೀವ. “ಸರೀರಿ, ನಾ ಒಂದಿಷ್ಟ ಹಾಕ್ತೀನಿ,” ಎಂದು ಮಣೆ ಎಳೆದು ಕೂತು, ದೇವರ ಮನೆಯ ತಾಮ್ರದ ಚರಿಗೆಗೆ ಕೈಹಾಕಿದರು. “ಅತ್ತೀ, ತಾಮ್ರ ಬ್ಯಾಡ್ರಿ, ಒಳಗ ಸಿಗಡಿ ಐತಿ, ಅದಕ್ಕ ತಾಮ್ರ ಆಗಂಗಿಲ್ಲ,” ಎಂದು ಸ್ಟೀಲಿನದು ಕೊಟ್ಟೆ. ಕಡಲಿನ ಸಿಗಡಿಗಳಿಗೆ ತಾಮ್ರದ ಅಂಶ ತೀರ ಸ್ವಲ್ಪವಿದ್ದರೂ ಮಾರಕ. ಅತ್ತೆ ಶಿವಶಿವಾ ಅನ್ನುತ್ತ ನಿಧಾನವಾಗಿ ಸುರಿದರು. ಸಿಗಡಿಯ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಗೊಡದ ಕೈ ಅದು. “ಮನ್ಯಾಗ ಇದ್ದ ಮ್ಯಾಲ ಮನೀ ಜೀವಾನ ಅಲ್ಲೇನು,” ಅಂದರು. ಬೆಳಗಿನ ಆರೂವರೆಗೆ ಕರೆಂಟು ಬಂತು. ಮೀನು ಎರಡೂ ಉಳಿದವು, ಸಿಗಡಿಯೂ ಉಳಿಯಿತು. ಮರುವರ್ಷದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಆ ಚರಿಗೆ ಈಗ ತೊಟ್ಟಿಯ ಪಕ್ಕದಲ್ಲೇ ಇರುತ್ತದೆ, ದಿನದ ಅರ್ಧ ಲೀಟರು ಅದರಿಂದಲೇ.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದಿದೆ. “ಟಿವ್ಯಾಗ ತೋರಿಸ್ತಾರಲ್ಲ, ಬಣ್ಣ ಬಣ್ಣದ ಹವಳ, ಅದೆಲ್ಲಿ?” ಹೊರದೇಶಗಳಲ್ಲಿ ಇಂಥ ತೊಟ್ಟಿಯಲ್ಲಿ ಜೀವಂತ ಹವಳ ಬೆಳೆಸುತ್ತಾರೆ, ಅದಕ್ಕೇ ರೀಫ್ ಟ್ಯಾಂಕ್ ಎಂದು ಹೆಸರು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಕಡಲಿನಿಂದ ಕಿತ್ತು ತಂದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ. ಆದರೂ ಒಂದು ದೊಡ್ಡ ಊರಿನ ಅಂಗಡಿಯಲ್ಲಿ ನಾನು ಉಪ್ಪು ಕೊಳ್ಳುವಾಗ ಒಬ್ಬ ದನಿ ತಗ್ಗಿಸಿ, “ಮೇಡಂ, ಒಳಗ ಒಂದು ಜೀವಂತ ಪೀಸ್ ಐತಿ, ತೋರಸ್ಲೇನ್ರಿ?” ಅಂದ. ಹುಲಿಮರಿ ಇದ್ದರೂ ಹೀಗೇ ಕೇಳುತ್ತಿದ್ದೆಯೇನಪ್ಪ ಎಂದು ಕೇಳಿ ಉಪ್ಪಿನ ಚೀಲ ಅಲ್ಲೇ ಬಿಟ್ಟು ಬಂದೆ. ಆ ತಿಂಗಳ ಉಪ್ಪು ಕೊಚ್ಚಿಯಿಂದ ಪಾರ್ಸೆಲ್ಲಿನಲ್ಲಿ ಬಂತು.

ಹವಳವೆಂದರೆ ನಮ್ಮ ಹೆಂಗಸರಿಗೆ ಮೊದಲು ನೆನಪಾಗುವುದು ಕೊರಳು. ನನ್ನ ತವರಿನ ಅವ್ವನ ತಾಳಿಸರದಲ್ಲಿ ಕರಿಮಣಿಯ ನಡುವೆ ಎರಡು ಹವಳವಿದ್ದವು. ಆ ಒಡವೆಯ ಕೆಂಪು ಹವಳದ ಹೆಸರಾಂತ ತವರು ಮೆಡಿಟರೇನಿಯನ್ ಕಡಲು. ದಿಬ್ಬ ಕಟ್ಟುವ ಹವಳದ ಜಾತಿಯೇ ಬೇರೆ. ಅದು ಕಲ್ಲಿನಂತೆ ಕಂಡರೂ ಸಾವಿರಾರು ಸಣ್ಣ ಪ್ರಾಣಿಗಳ ಕೂಡುಕುಟುಂಬ. ಪ್ರತಿಯೊಂದರ ಮೈಯೊಳಗೆ ಪಾಚಿಯ ಜಾತಿಯ ಸೂಕ್ಷ್ಮ ಜೀವಗಳು ಬಾಡಿಗೆಗಿರುತ್ತವೆ. ಅವು ಬಿಸಿಲಿನಿಂದ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ಹವಳದ ಬಣ್ಣದಲ್ಲಿ ಬಹುಪಾಲು ಈ ಬಾಡಿಗೆದಾರರದ್ದೇ. ಕಡಲಿನ ನೀರು ವಾಡಿಕೆಯ ಬೇಸಿಗೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಈ ಸಂಬಂಧ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಉಪವಾಸದಿಂದ ಸಾಯುತ್ತದೆ.

ಒಂದು ಡಿಗ್ರಿ ಎಂದರೆ ಎಷ್ಟು ಎಂಬುದು ಈ ತೊಟ್ಟಿ ಸಾಕುವ ಮೊದಲು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಥರ್ಮಾಮೀಟರಿನ ಪಾಠ ಹೇಳುವಾಗ ಅದು ಒಂದು ಸಣ್ಣ ಗೀಟು, ಅಷ್ಟೇ. ಈಗ ಏಪ್ರಿಲ್ ಬಂತೆಂದರೆ ದಿನಕ್ಕೆ ನಾಲ್ಕು ಸಲ ತೊಟ್ಟಿಯ ಥರ್ಮಾಮೀಟರು ನೋಡುತ್ತೇನೆ. 26 ಇರಬೇಕಾದದ್ದು 28 ಆಯಿತೆಂದರೆ ನೀರಿನ ಮೇಲೆ ಸಣ್ಣ ಫ್ಯಾನು ಹಚ್ಚುತ್ತೇನೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆ ಆವಿಯಾಗುತ್ತ ನೀರು ತಂಪಾಗುತ್ತದೆ, ಗೆರೆಯಿಂದ ಇನ್ನಷ್ಟು ಇಳಿಯುತ್ತದೆ, ಇನ್ನಷ್ಟು ಚರಿಗೆ ನೀರು ಹಾಕುತ್ತೇನೆ. ನನ್ನ ಐವತ್ತು ಲೀಟರಿಗೆ ಫ್ಯಾನು ಇದೆ, ಚರಿಗೆ ಇದೆ.

ಕಡಲಿಗೆ ಏನಿದೆ? 1998ರಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾಗಿ ಬಹಳಷ್ಟು ಸತ್ತವು. 2010ರಲ್ಲಿ, 2016ರಲ್ಲಿ ಮತ್ತೆ ಆಯಿತು. 2023ರ ಕೊನೆಯಿಂದ ಅಲ್ಲಿಯ ನೀರು ತಿಂಗಳುಗಟ್ಟಲೆ ಕಾದು, 2024ರ ಬೇಸಿಗೆಯಲ್ಲಿ ಹವಳಗಳು ತೀವ್ರವಾಗಿ ಬೆಳ್ಳಗಾಗಿದ್ದನ್ನು ಕಡಲ ಮೀನುಗಾರಿಕೆ ಸಂಸ್ಥೆಯವರು ವರದಿ ಮಾಡಿದರು. ಅದೇ ಏಪ್ರಿಲಿನಲ್ಲಿ, ಇಡೀ ಜಗತ್ತಿನ ಹವಳಗಳು ಹೀಗಾಗುತ್ತಿರುವುದು ಇದು ನಾಲ್ಕನೆಯ ಸಲ ಎಂದು ವಿಜ್ಞಾನಿಗಳು ಸಾರಿದರು. ಕಡಲ ತಳದಲ್ಲಿ ಹವಳದ ದಿಬ್ಬಗಳು ನೂರರಲ್ಲಿ ಒಂದು ಪಾಲೂ ಇಲ್ಲ. ಕಡಲಿನ ಜೀವಜಾತಿಗಳಲ್ಲಿ ಕಾಲು ಭಾಗಕ್ಕೆ ಅವೇ ಆಸರೆ.

ನಮ್ಮ ಕರ್ನಾಟಕಕ್ಕೂ ಹವಳವಿದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ಕಡಲೊಳಗೆ ನೇತ್ರಾಣಿ ಎಂಬ ದ್ವೀಪವಿದೆ. ಪಾರಿವಾಳಗಳಿಂದಾಗಿ ಅದಕ್ಕೆ ಪಾರಿವಾಳ ದ್ವೀಪ ಎಂತಲೂ ಹೆಸರು. ಅದರ ಸುತ್ತ ನೀರಿನೊಳಗೆ ಹವಳಗಳಿವೆ. ಮಗಳು ಅಲ್ಲಿ ನೀರಿಗಿಳಿದಾಗ ನಾನು ದೋಣಿಯ ಅಂಚು ಹಿಡಿದು ಕೂತಿದ್ದೆ. ಮೇಲೆ ಬಂದವಳು ಮುಖವಾಡ ತೆಗೆದು, “ಅವ್ವಾ, ನಮ್ಮ ತೊಟ್ಟ್ಯಾಗಿನಂಥಾವು ಕೆಳಗೂ ಅದಾವು. ಅಲ್ಲೂ ಹೆಣ್ಣೇ ಮುಂದ, ಗಂಡು ಹಿಂದ,” ಅಂದಳು. ಈಜು ಬಾರದ ನಾನು ಆ ಹಸಿರು ನೀರಿನೊಳಗೆ ಎಷ್ಟು ಬಗ್ಗಿ ನೋಡಿದರೂ ನನ್ನ ಮುಖವೇ ಕಂಡಿತು. ಆದರೂ ಅಲ್ಲಿ ಅವು ಇವೆ ಎಂಬುದೇ ನನಗೆ ಸಾಕಾಯಿತು. ಅವನ್ನು ಮನೆಗೆ ತರುವ ಆಸೆ ಅಂದಿಗೂ ಬರಲಿಲ್ಲ, ಇಂದಿಗೂ ಇಲ್ಲ.

ಈಗ ನನಗೆ ಐವತ್ತಾರು. ನಿವೃತ್ತಿ ಎದುರಿಗಿದೆ, ಮಂಡಿ ನೋವು ಜೊತೆಗಿದೆ. ವಾರಕ್ಕೊಮ್ಮೆ ಏಳೆಂಟು ಲೀಟರು ಹಳೆಯ ನೀರು ತೆಗೆದು ಹೊಸದು ಹಾಕುವುದು ಮೊದಲಿನಷ್ಟು ಸುಲಭವಲ್ಲ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ, ಕೆಲವು ಇಪ್ಪತ್ತರ ತನಕವೂ ಬಾಳುತ್ತವೆ. ಮಗಳು ಹೋದ ದೀಪಾವಳಿಗೆ ಬಂದಾಗ, “ನಿನಗ ತ್ರಾಸ ಆಗಾಕತ್ತದ ಅವ್ವಾ, ಯಾರಿಗರೆ ಕೊಟ್ಟುಬಿಡೂಣು,” ಅಂದಳು. ನಾನು ಬೇಡವೆಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಆದರೆ ಪ್ರಶ್ನೆ ನನ್ನೊಳಗೆ ಉಳಿಯಿತು. ನನ್ನ ಕೈ ಸೋತ ದಿನ ಚರಿಗೆ ಯಾರು ಹಿಡಿಯಬೇಕು?

ನಮ್ಮ ಶಾಲೆಯ ಏಳನೆಯ ಇಯತ್ತೆಯ ಒಬ್ಬ ಹುಡುಗಿ ರವಿವಾರ ತಪ್ಪದೆ ಬರುತ್ತಾಳೆ. ಅವಳ ಮನೆಯವರು ಕಬ್ಬು ಕಡಿಯಲು ಹೋಗುವವರು. ಮೊದಲ ದಿನ ಅವಳು ಕೇಳಿದ್ದು, “ಸಮುದ್ರ ಹಿಡಕಲ್ ಡ್ಯಾಮಿನಕಿಂತ ದೊಡ್ಡದೇನ್ರಿ ಅಕ್ಕೋರ?” ಎಂದು. ಈಗ ಅವಳಿಗೆ ಉಪ್ಪಿನ ಅಳತೆ ಗೊತ್ತು, ಗಾಜು ಒರೆಸುವುದು ಗೊತ್ತು, ಮೀನಿಗೆ ಹೆಚ್ಚು ಹಾಕಬಾರದೆಂಬುದು ನನಗಿಂತ ಚೆನ್ನಾಗಿ ಗೊತ್ತು. ಮೊನ್ನೆ ನಾನು ಮದುವೆಗೆಂದು ಗೋಕಾಕಕ್ಕೆ ಹೋಗಿ ಎರಡು ದಿನ ಉಳಿದೆ. ಮರಳಿ ಬಂದು ಬಾಗಿಲು ತೆಗೆದು ಮೊದಲು ನೋಡಿದ್ದು ತೊಟ್ಟಿಯನ್ನೇ. ನೀರು ಕೆಂಪು ಗೆರೆಗೆ ಸರಿಯಾಗಿ ನಿಂತಿತ್ತು. ಚರಿಗೆಯನ್ನು ತೊಳೆದು ಬೋರಲು ಹಾಕಿದ್ದಳು.